ಮುರಿದ ಡೋಜರ್ ಚೈನಿಗೆ ವೆಲ್ಡಿಂಗ್: ಎಲ್ಲಿ ಹಿಡಿಯುತ್ತದೆ, ಎಲ್ಲಿ ಹಿಡಿಯುವುದಿಲ್ಲ

ಪ್ರಶ್ನೆ: ನಮ್ಮದು ಹಿರಿಯೂರು ಸೀಮೆ. ಹಳೆಯ ಬಿಇಎಂಎಲ್ ಡಿ50 ಡೋಜರ್ ಇದೆ. ಜಮೀನು ಮಟ್ಟ ಮಾಡಲು, ಬದು ಹಾಕಲು, ಕೆರೆ ಹೂಳು ತಳ್ಳಲು ಬಾಡಿಗೆಗೆ ಬಿಡುತ್ತೇನೆ. ಗಾಡಿ ಓಡುವ ಎಡಗಡೆಯ ಉಕ್ಕಿನ ಚೈನಿನಲ್ಲಿ ಒಂದು ಲಿಂಕ್ (ಕೊಂಡಿ) ಸೀಳಿತ್ತು. ಊರಿನ ವೆಲ್ಡರ್ ನೋಡಲು ಚೆನ್ನಾಗಿಯೇ ಹೊಡೆದುಕೊಟ್ಟರು. ಎರಡನೇ ದಿನ ನೋಡಿದರೆ ವೆಲ್ಡಿಂಗ್ ಹಾಗೇ ಇದೆ, ಅದರ ಪಕ್ಕದಲ್ಲೇ ಹೊಸ ಸೀಳು. ಲಿಂಕಿಗೆ ಬಿಗಿದ, ನೆಲ ತುಳಿಯುವ ಪ್ಲೇಟುಗಳಲ್ಲೂ ಮೂರರಲ್ಲಿ ಬೋಲ್ಟ್ ತೂತಿನ ಹತ್ತಿರ ಬಿರುಕು ಬಿದ್ದಿದೆ, ಪ್ಲೇಟಿನ ಮೇಲೆ ನೆಲ ಕಚ್ಚುವ ಏಣುಗಳು ಸವೆದಿವೆ. ಚೈನಿನ ಎರಡು ತುದಿ ಸೇರಿಸುವ ಮಾಸ್ಟರ್ ಪಿನ್ ಬೇರೆ ಆಗಾಗ ಹೊರಗೆ ಸರಿಯುತ್ತದೆ, ಅದರ ತಲೆಗೆ ವೆಲ್ಡಿಂಗ್ ಹೊಡೆದುಬಿಡಿ ಅನ್ನುತ್ತಾರೆ. ಹೊಸ ಚೈನ್ ಹಾಕುವಷ್ಟು ದುಡಿಮೆ ಈ ಗಾಡಿಯಲ್ಲಿಲ್ಲ. ಯಾವ ರಾಡಿನಲ್ಲಿ ಹೊಡೆಸಿದರೆ ನಿಲ್ಲುತ್ತದೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ವೆಲ್ಡಿಂಗ್ ಬಿಟ್ಟುಕೊಂಡಿಲ್ಲ, ಪಕ್ಕದ ಕಬ್ಬಿಣ ಸೀಳಿದೆ. ಅಂದಮೇಲೆ ವೆಲ್ಡರ್ ಕೈ ಕೆಟ್ಟದ್ದಲ್ಲ. ಅವರು ಲಿಂಕನ್ನು ಗೇಟು, ಗ್ರಿಲ್ಲು ಮಾಡುವ ಎಂಎಸ್ (ಮೈಲ್ಡ್ ಸ್ಟೀಲ್, ಮೆದು ಉಕ್ಕು) ಎಂದುಕೊಂಡು ಹೊಡೆದಿದ್ದಾರೆ. ರಾಡ್ ಯಾವುದು ಎನ್ನುವುದು ಮೂರನೆಯ ಪ್ರಶ್ನೆ. ಚೈನಿನಲ್ಲಿ ಮುರಿದಿರುವ ಭಾಗ ಯಾವುದು, ಅದು ಯಾವ ಉಕ್ಕು ಎನ್ನುವುದು ಮೊದಲೆರಡು. ಪ್ಲೇಟಿಗೆ ಧೈರ್ಯವಾಗಿ ವೆಲ್ಡಿಂಗ್ ಮಾಡಿಸಬಹುದು. ಲಿಂಕಿಗೆ ಕೆಲವು ಜಾಗದಲ್ಲಿ ಮಾತ್ರ, ಅದೂ ಪೂರ್ತಿ ಕ್ರಮ ಹಿಡಿದು. ಲಿಂಕುಗಳನ್ನು ಜೋಡಿಸುವ ಪಿನ್ನಿಗೂ, ಅದರ ಸುತ್ತ ಕೊಳವೆಯಂತಿರುವ ಬುಶ್ಶಿಗೂ ವೆಲ್ಡಿಂಗ್ ಬೇಡವೇ ಬೇಡ.

ನಿಮ್ಮ ಗಾಡಿಯ ಮೂಲ ಗೊತ್ತಿದ್ದರೆ ಒಳ್ಳೆಯದು. 1964ರಲ್ಲಿ ಹುಟ್ಟಿದ ಬಿಇಎಂಎಲ್ ಕೆಜಿಎಫ್ ಕಾರ್ಖಾನೆಯಲ್ಲಿ ಜಪಾನಿನ ಕೊಮಾತ್ಸು ವಿನ್ಯಾಸದ ಡೋಜರ್‌ಗಳನ್ನು ಕಟ್ಟುತ್ತಾ ಬಂತು. ಡಿ50 ಆ ಸಾಲಿನ ಗಾಡಿ. ಈ ಜಾತಿಯ ಚೈನಿನಲ್ಲಿ ಲಿಂಕ್ ಎನ್ನುವುದು ಬಡಿದು ರೂಪಿಸಿದ, ಅಂದರೆ ಫೋರ್ಜಿಂಗ್ ಮಾಡಿದ ಉಕ್ಕು. ಎಂಎಸ್‌ನಲ್ಲಿ ಇಂಗಾಲ ಶೇ. 0.2ರ ಆಸುಪಾಸು ಇದ್ದರೆ ಇಲ್ಲಿ 0.35ರಿಂದ 0.4. ಜೊತೆಗೆ ಮ್ಯಾಂಗನೀಸ್, ಬೋರಾನ್ ಅಥವಾ ಕ್ರೋಮಿಯಂ. ಕಾರ್ಖಾನೆಯಲ್ಲೇ ಇಡೀ ಲಿಂಕಿಗೆ ಹದ ಕೊಟ್ಟಿರುತ್ತಾರೆ. ಗಾಡಿಯ ಭಾರ ಹೊರುವ ರೋಲರ್ ಓಡಾಡುವ ಮೇಲ್ಮೈಗೆ ಮತ್ತೆ ಬೇರೆ ಹದ ಕೊಟ್ಟು, ಗಡಸು ಅಳೆಯುವ ರಾಕ್‌ವೆಲ್ ಸಿ ಮಾಪಕದಲ್ಲಿ 50 ದಾಟುವಷ್ಟು ಗಡಸು ಮಾಡಿರುತ್ತಾರೆ. ಅಲ್ಲಿ ಅರ ಉಜ್ಜಿದರೆ ಕಚ್ಚುವುದಿಲ್ಲ, ಜಾರುತ್ತದೆ.

ಇಂಥ ಉಕ್ಕಿನ ಮೇಲೆ ತಣ್ಣಗಿರುವಾಗಲೇ ರಾಡ್ ಹೊಡೆದರೆ ಏನಾಗುತ್ತದೆ? ಕುಲುಮೆಯಲ್ಲಿ ಕೆಂಪಗೆ ಕಾದ ಕುಡವನ್ನು ಕಮ್ಮಾರ ನೀರಿಗೆ ಅದ್ದಿದಾಗ ಆಗುವುದೇ ಆಗುತ್ತದೆ. ಇಲ್ಲಿ ನೀರಿನ ಕೆಲಸವನ್ನು ಲಿಂಕಿನ ಉಳಿದ ತಣ್ಣನೆಯ ದಪ್ಪ ಮೈ ಮಾಡುತ್ತದೆ. ವೆಲ್ಡಿಂಗ್‌ಗೆ ಅಂಟಿಕೊಂಡ ಎರಡು ಮೂರು ಮಿಲಿಮೀಟರ್ ಪಟ್ಟಿ ಕ್ಷಣದಲ್ಲಿ ಕಾದು, ಕ್ಷಣದಲ್ಲಿ ತಣಿದು, ಗಾಜಿನಂತೆ ಪೆಡಸಾಗುತ್ತದೆ. ಕಮ್ಮಾರನಾದರೂ ಅದ್ದಿದ ಮೇಲೆ ಮತ್ತೆ ಸ್ವಲ್ಪ ಕಾಯಿಸಿ ಹದ ಇಳಿಸುತ್ತಾನೆ. ನಮ್ಮಲ್ಲಿ ಅದೂ ಇಲ್ಲ.

ಇನ್ನೊಂದು ಕಳ್ಳ ಇದ್ದಾನೆ, ಜಲಜನಕ. ರಾಡಿನ ಲೇಪದಲ್ಲಿರುವ ತೇವ, ಲಿಂಕಿನ ಮೇಲಿನ ಗ್ರೀಸು, ತುಕ್ಕು ಇವೆಲ್ಲ ಆರ್ಕ್‌ನಲ್ಲಿ ಒಡೆದು ಜಲಜನಕ ಕೊಡುತ್ತವೆ. ಅದು ಕರಗಿದ ಲೋಹದೊಳಗೆ ಸೇರಿ, ನಿಧಾನವಾಗಿ ಆ ಪೆಡಸು ಪಟ್ಟಿಗೆ ಹೋಗಿ ಕೂರುತ್ತದೆ. ಹಾಗಾಗಿಯೇ ಸೀಳು ಆಗಲೇ ಬರದೆ 24ರಿಂದ 48 ಗಂಟೆ ಕಳೆದ ಮೇಲೆ ಬರುವುದುಂಟು. ನೀವು ಬರೆದ ‘ಎರಡನೇ ದಿನ’ ಎನ್ನುವ ಮಾತು ಓದಿದ ಕೂಡಲೇ ನನಗೆ ಹೊಳೆದದ್ದು ಇದೇ. ಊರಲ್ಲಿ ಸಾಮಾನ್ಯವಾಗಿ ಸಿಗುವ 6013 ರಾಡಿನ ಲೇಪದಿಂದ ಜಲಜನಕ ಧಾರಾಳವಾಗಿ ಬರುತ್ತದೆ. ಗೇಟಿಗೆ ಅದರಿಂದ ತೊಂದರೆಯಿಲ್ಲ, ಲಿಂಕಿಗೆ ಅದು ವಿಷ.

ಈಗ ಲಿಂಕಿನಲ್ಲಿ ಸೀಳು ಎಲ್ಲಿದೆ ನೋಡಿ. ಲಿಂಕಿನ ಎರಡು ತುದಿಗಳಲ್ಲಿ ಪಿನ್ ಮತ್ತು ಬುಶ್ ಒತ್ತಿ ಕೂರಿಸಿದ ಕಣ್ಣುಗಳಿರುತ್ತವೆ. ನಡುವೆ ಪ್ಲೇಟಿನ ನಟ್ ಕೂರುವ ಕಿಂಡಿಗಳು. ಸೀಳು ಕಣ್ಣಿನ ಸುತ್ತ ಇದ್ದರೆ, ಅಥವಾ ಕಣ್ಣಿನಿಂದಲೇ ಹೊರಟಿದ್ದರೆ, ವೆಲ್ಡಿಂಗ್ ಆಸೆ ಬಿಡಿ. ಆ ಕಣ್ಣು ಬಿಗಿಯಾಗಿ ನಿಂತಿರುವುದು ಟನ್ನುಗಟ್ಟಲೆ ಒತ್ತಡದಲ್ಲಿ ತುರುಕಿದ ಹಿಡಿತದಿಂದ. ಕಾಯಿಸಿದರೆ ಕಣ್ಣು ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ, ಒಳಗಿನ ಬುಶ್ಶಿನ ಗಡಸೂ ಇಳಿಯುತ್ತದೆ. ಕಾಯಿಸದೆ ಹೊಡೆದರೆ ಮೇಲೆ ಹೇಳಿದ ಕಥೆ. ಎರಡೂ ಕಡೆ ಸೋಲು. ಅಂಥ ಲಿಂಕನ್ನು ಬದಲಿಸಲೇಬೇಕು. ಗುಜರಿಗೆ ಹೋದ ಅದೇ ಮಾದರಿಯ ಚೈನಿನಿಂದ ನಾಲ್ಕಾರು ಲಿಂಕಿನ ತುಂಡೊಂದನ್ನು ತರಬಹುದು. ಆದರೆ ಸವೆತ ನಿಮ್ಮ ಚೈನಿನಷ್ಟೇ ಇರಬೇಕು. ತೀರಾ ಹೊಸ ಲಿಂಕನ್ನು ಹಳೆಯ ಚೈನಿಗೆ ಸೇರಿಸಿದರೆ ಅದೊಂದೇ ಎತ್ತರಕ್ಕೆ ನಿಂತು, ಪ್ರತಿ ಸುತ್ತಿಗೂ ರೋಲರ್ ಅದರ ಮೇಲೆ ಹತ್ತಿ ಇಳಿಯುತ್ತದೆ.

ಸೀಳು ನಡುವಿನ ಕಿಂಡಿಯಿಂದ ಮೇಲಕ್ಕೋ ಕೆಳಕ್ಕೋ ಹೋಗಿದ್ದು, ಎರಡೂ ಕಣ್ಣುಗಳು ಗಟ್ಟಿಯಾಗಿದ್ದರೆ ವೆಲ್ಡಿಂಗ್ ಮಾಡಿಸಬಹುದು. ನಿಮ್ಮದು ಇದೇ ಎಂದು ಭಾವಿಸಿ ಮುಂದೆ ಬರೆಯುತ್ತೇನೆ.

ಮೊದಲು ಹಳೆಯ ವೆಲ್ಡಿಂಗ್ ಪೂರ್ತಿ ತೆಗೆಯಬೇಕು. ಅದರ ಮೇಲೆ ಇನ್ನೊಂದು ಪದರ ಹೊಡೆಯುವುದು, ಪಕ್ಕಕ್ಕೆ ಪಟ್ಟಿ ಇಟ್ಟು ಹೊಡೆಯುವುದು ಇವೆರಡೂ ಬೇಡ. ಪಟ್ಟಿಯಿಂದ ಲಿಂಕು ಆ ಜಾಗದಲ್ಲಿ ಬಿಗಿಯಾಗಿ, ಪಟ್ಟಿ ಮುಗಿಯುವ ಕಡೆ ಮತ್ತೆ ಸೀಳುತ್ತದೆ. ಒಳಬದಿಯಲ್ಲಿ ಇಟ್ಟರಂತೂ ರೋಲರಿನ ಅಂಚಿಗೆ ತಾಗುತ್ತದೆ. ಗ್ರೈಂಡರಿನಲ್ಲಿ ಹಳೆಯ ಲೋಹವನ್ನೂ ಅದರ ಪಕ್ಕದ ಪೆಡಸು ಪಟ್ಟಿಯನ್ನೂ, ಎರಡು ಕಡೆ ನಾಲ್ಕೈದು ಮಿಲಿಮೀಟರ್ ಒಳ್ಳೆಯ ಉಕ್ಕು ಸಿಗುವವರೆಗೆ, ಉಜ್ಜಿ ತೆಗೆಯಿರಿ. ಅರ ಉಜ್ಜಿ ನೋಡಿ. ಜಾರಿದರೆ ಇನ್ನೂ ಪೆಡಸು ಉಳಿದಿದೆ, ಕಚ್ಚಿದರೆ ಸರಿ.

ಸೀಳಿನ ತುದಿ ಎಲ್ಲಿ ಮುಗಿಯುತ್ತದೆ ಎನ್ನುವುದು ಬರಿಗಣ್ಣಿಗೆ ಕಾಣುವುದಿಲ್ಲ. ಡೈ ಪೆನಿಟ್ರೆಂಟ್ ಡಬ್ಬಿಗಳು ಪೇಟೆಯ ವೆಲ್ಡಿಂಗ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ: ತೊಳೆಯುವುದು ಒಂದು, ಕೆಂಪು ಬಣ್ಣ ಒಂದು, ಬಿಳಿ ಪುಡಿ ಒಂದು. ಅದು ಸಿಗದಿದ್ದರೆ ಹಳೆಯ ಉಪಾಯ ಇದ್ದೇ ಇದೆ. ಸೀಮೆಎಣ್ಣೆ ಸವರಿ, ಕಾಲು ಗಂಟೆ ಬಿಟ್ಟು ಒರೆಸಿ, ಮೇಲೆ ಸುಣ್ಣದ ತಿಳಿ ಹಚ್ಚಿ ಒಣಗಿಸಿದರೆ ಸೀಳಿದ್ದಲ್ಲಿ ಎಣ್ಣೆ ಜಿನುಗಿ ಗೆರೆ ಮೂಡುತ್ತದೆ. ಸೀಮೆಎಣ್ಣೆ ಈಗ ಸಿಗುವುದು ಕಷ್ಟ, ಡೀಸೆಲ್ ಸಾಕು. ಆಮೇಲೆ ಆ ಎಣ್ಣೆಯನ್ನು ಗ್ಯಾಸ್ ಟಾರ್ಚಿನಿಂದ ಪೂರ್ತಿ ಸುಟ್ಟು ಹಾಕಬೇಕು ಅಷ್ಟೇ. ತುದಿ ಕಂಡ ಜಾಗಕ್ಕಿಂತ ತುಸು ಮುಂದೆ 5 ಅಥವಾ 6 ಮಿ.ಮೀ. ತೂತು ಕೊರೆಯಿರಿ, ಕೆಲಸ ನಡೆಯುವಾಗ ಸೀಳು ಮುಂದೆ ಓಡದೆ ಅಲ್ಲೇ ನಿಲ್ಲುತ್ತದೆ. ಸೀಳಿನ ಉದ್ದಕ್ಕೂ ಎರಡೂ ಮುಖದಿಂದ ‘ವಿ’ ಆಕಾರದಲ್ಲಿ, ಸುಮಾರು 60 ಡಿಗ್ರಿ ತೆರೆದು, ನಡುವೆ ಎರಡು ಮೂರು ಮಿಲಿಮೀಟರ್ ಸಂದು ಬಿಡಿ. ಮೇಲೆ ಮೇಲೆ ತುಂಬುವ ವೆಲ್ಡಿಂಗ್ ಇಲ್ಲಿ ನಡೆಯುವುದಿಲ್ಲ, ಪೂರ್ತಿ ದಪ್ಪಕ್ಕೂ ಲೋಹ ಹೋಗಬೇಕು.

ಇದನ್ನೆಲ್ಲ ಚೈನು ಗಾಡಿಯ ಮೇಲಿದ್ದಾಗ ಮಾಡಬಾರದೇ ಎಂದರೆ, ಮಾಡಬಹುದು. ಆದರೆ ಚೈನ್ ಬಿಚ್ಚಿ ನೆಲಕ್ಕೆ ಹಾಸಿ ಮಾಡಿದ ಕೆಲಸಕ್ಕೆ ಅದು ಸಮವಲ್ಲ. ನೆಲದ ಮೇಲಿದ್ದರೆ ಆ ಲಿಂಕಿನ ಪ್ಲೇಟ್ ಬಿಚ್ಚಿ ನಾಲ್ಕೂ ಕಡೆಯಿಂದ ಕೈ ಹೋಗುತ್ತದೆ, ಚೈನಿನ ಎಳೆತ ಇರುವುದಿಲ್ಲ. ಬಿಚ್ಚಲು ಬಿಗಿ ಇಳಿಸುವಾಗ ಒಂದು ಎಚ್ಚರ. ಚೈನಿನ ಮುಂದಿನ ಚಕ್ರವಾದ ಐಡ್ಲರನ್ನು ಮುಂದೆ ತಳ್ಳುವ ಸಿಲಿಂಡರಿನಲ್ಲಿ ಗ್ರೀಸು ಭಯಂಕರ ಒತ್ತಡದಲ್ಲಿರುತ್ತದೆ. ಪ್ಲಗ್ಗನ್ನು ಒಂದು ಸುತ್ತಿಗಿಂತ ಹೆಚ್ಚು ಸಡಿಲಿಸಬೇಡಿ, ಅದರ ಎದುರಿಗೆ ಮುಖವಾಗಲಿ ಕೈಯಾಗಲಿ ಇಡಬೇಡಿ. ಗ್ರೀಸು ಬರುತ್ತಿಲ್ಲ ಎಂದು ಪ್ಲಗ್ ಪೂರ್ತಿ ಬಿಚ್ಚಲು ಹೋದರೆ ಅದು ಗುಂಡಿನ ಹಾಗೆ ಹಾರಬಹುದು. ಗಾಡಿಯನ್ನು ತುಸು ಹಿಂದೆ ಮುಂದೆ ಆಡಿಸಿದರೆ ಗ್ರೀಸು ತಾನಾಗಿ ಬರುತ್ತದೆ. ಮಾಸ್ಟರ್ ಪಿನ್ ಹೊಡೆಯುವಾಗ ಕನ್ನಡಕ ಹಾಕಿಕೊಳ್ಳಿ. ಗಡಸು ಪಿನ್ನಿನ ಮೇಲೆ ಗಡಸು ಸುತ್ತಿಗೆ ಬಿದ್ದರೆ ಚೂರು ಸಿಡಿಯುತ್ತದೆ.

ಗಾಡಿಯ ಮೇಲೆಯೇ ಮಾಡಲೇಬೇಕಾಗಿ ಬಂದರೆ ಬ್ಯಾಟರಿ ತಂತಿ ಬಿಚ್ಚಿ, ಅರ್ಥ್ ಕ್ಲಾಂಪನ್ನು ವೆಲ್ಡಿಂಗ್ ಆಗುವ ಆ ಲಿಂಕಿಗೇ ಹಾಕಿ. ಬ್ಲೇಡಿಗೋ ಚಾಸಿಗೋ ಹಾಕಿದರೆ ಕರೆಂಟು ರೋಲರ್, ಬುಶ್, ಬೇರಿಂಗ್‌ಗಳ ಮೂಲಕ ಹಾದುಹೋಗಿ ಅಲ್ಲೆಲ್ಲ ಕಿಡಿ ಕಚ್ಚಿ ಗುಳಿ ಬೀಳುತ್ತದೆ. ಒಂದು ಲಿಂಕು ಉಳಿಸಲು ಹೋಗಿ ರೋಲರ್ ಸೀಲು ಕಳೆದುಕೊಂಡವರು ಬೇಕಾದಷ್ಟು ಜನ. ಗಾಡಿಯ ಹೊಟ್ಟೆಯಡಿಯ ತಟ್ಟೆಯಲ್ಲಿ ಎಣ್ಣೆ ಕುಡಿದ ಕಸ ತುಂಬಿರುತ್ತದೆ, ಅದನ್ನೂ ಮೊದಲೇ ತೆಗೆಸಿ.

ಸೀಳಿದ ಲಿಂಕಿನ ಎರಡು ತುಂಡುಗಳನ್ನು ಅಂದಾಜಿನ ಮೇಲೆ ಜೋಡಿಸಬೇಡಿ. ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ಇರುವ ದೂರವೇ ಚೈನಿನ ಪಿಚ್. ಎಡದ ಲಿಂಕಿನಲ್ಲಿ ಒಂದು, ಬಲದ ಲಿಂಕಿನಲ್ಲಿ ಒಂದು ಅಳತೆಯಾದರೆ ಚೈನು ಅಡ್ಡ ಎಳೆಯುತ್ತದೆ, ಚೈನು ಎಳೆಯುವ ಹಲ್ಲುಚಕ್ರದ, ಅಂದರೆ ಸ್ಪ್ರಾಕೆಟ್ಟಿನ ಹಲ್ಲು ಒಂದೇ ಬದಿ ಸವೆಯುತ್ತದೆ. ಎದುರಿನ ಜೋಡಿ ಲಿಂಕು ಗಟ್ಟಿಯಾಗಿದೆಯಲ್ಲ, ಅದರ ಅಳತೆ ಹಿಡಿದು ದಪ್ಪ ಚಾನೆಲ್ಲಿಗೆ ಬಿಗಿದು ಕೂರಿಸಿ. ವೆಲ್ಡಿಂಗ್ ತಣಿಯುವಾಗ ಕುಗ್ಗುತ್ತದೆ, ಒಂದು ಮಿಲಿಮೀಟರ್ ಹೆಚ್ಚಿಗೆ ಬಿಟ್ಟರೆ ತಪ್ಪಿಲ್ಲ.

ಕಾಯಿಸುವ ಕೆಲಸವೇ ಇಡೀ ರಿಪೇರಿಯ ಜೀವಾಳ. ಸೀಳಿನ ಸುತ್ತ ಒಂದು ಗೇಣಿನಷ್ಟು ಜಾಗ, ಆದರೆ ಕಣ್ಣುಗಳ ಕಡೆಗೆ ಉರಿ ಹೋಗದಂತೆ, 200ರಿಂದ 250 ಡಿಗ್ರಿಗೆ ನಿಧಾನವಾಗಿ ಏರಿಸಿ. ಕಣ್ಣುಗಳ ಮೇಲೆ ಒದ್ದೆ ಗೋಣಿ ಸುತ್ತುವವರಿದ್ದಾರೆ. ನೀರು ವೆಲ್ಡಿಂಗ್ ಕಡೆ ಹರಿಯದಂತೆ ನೋಡಿಕೊಂಡರೆ ಅದು ಒಳ್ಳೆಯ ಉಪಾಯವೇ. ಕೈಯಂದಾಜು ಇಲ್ಲಿ ಸಾಲದು. ನೀರು ಚುಮುಕಿಸಿದಾಗ ಚುಯ್ ಎಂದರೆ 100 ದಾಟಿದೆ ಎಂದಷ್ಟೇ ಅರ್ಥ. ಇಂತಿಷ್ಟು ಡಿಗ್ರಿಗೆ ಕರಗುವ ಬಣ್ಣದ ಕಡ್ಡಿಗಳು ಬರುತ್ತವೆ, 200ರದ್ದು ಒಂದು ತಂದಿಟ್ಟುಕೊಳ್ಳಿ. ಈಗ ಆನ್‌ಲೈನಿನಲ್ಲಿ ಅಗ್ಗವಾಗಿ ಸಿಗುವ ಗನ್ ತರಹದ ಥರ್ಮಾಮೀಟರ್ ಗ್ರೈಂಡ್ ಮಾಡಿ ಹೊಳೆಯುವ ಜಾಗದಲ್ಲಿ ಕಡಿಮೆ ತೋರಿಸುತ್ತದೆ, ಮಸಿ ಹಿಡಿದ ಜಾಗಕ್ಕೆ ಹಿಡಿಯಿರಿ.

ಇನ್ನು ರಾಡ್. 7018, ಅಂದರೆ ಲೋ ಹೈಡ್ರೋಜನ್ ರಾಡ್. ಹೆಸರೇ ಹೇಳುವಂತೆ ಜಲಜನಕ ಕಡಿಮೆ. ಆದರೆ ಅದು ಒಣಗಿದ್ದರೆ ಮಾತ್ರ. ಪೊಟ್ಟಣ ಒಡೆದು ವಾರಗಟ್ಟಲೆ ಶೆಡ್ಡಿನ ಮೂಲೆಯಲ್ಲಿ ಬಿದ್ದ 7018ಕ್ಕೂ 6013ಕ್ಕೂ ದೊಡ್ಡ ವ್ಯತ್ಯಾಸ ಉಳಿಯುವುದಿಲ್ಲ. 300 ಡಿಗ್ರಿಯ ಆಸುಪಾಸಿನಲ್ಲಿ ಒಂದೆರಡು ಗಂಟೆ ಕಾಯಿಸಿ ಬಿಸಿಯಾಗಿರುವಾಗಲೇ ಬಳಸಬೇಕು. ಬಿಸಿಲಿಗೆ ಹಾಕಿದರೆ ಸಾಲುವುದಿಲ್ಲ. ರಾಡ್ ಓವನ್ ಇಟ್ಟುಕೊಂಡ ವರ್ಕ್‌ಶಾಪು ಹುಡುಕಿ, ಇಲ್ಲವೇ ಗಾಳಿಯಾಡದ ಹೊಸ ಪೊಟ್ಟಣ ಒಡೆದು ಕೆಲವೇ ಗಂಟೆಗಳಲ್ಲಿ ಮುಗಿಸಿ. ಬುಡದ ಪದರಕ್ಕೆ 3.15 ಮಿ.ಮೀ. ರಾಡ್, 100ರಿಂದ 140 ಆಂಪಿಯರ್. ತುಂಬಲು 4 ಮಿ.ಮೀ., 140ರಿಂದ 190. ಡಿಸಿ ಮಷಿನ್ನಿನಲ್ಲಿ ಹೋಲ್ಡರ್ ಪ್ಲಸ್‌ಗೆ ಇರಲಿ. ಹಳೆಯ ಎಸಿ ಟ್ರಾನ್ಸ್‌ಫಾರ್ಮರಿನಲ್ಲಿ ಮಾಮೂಲಿ 7018 ನೆಟ್ಟಗೆ ಉರಿಯುವುದಿಲ್ಲ. ಸಣ್ಣ ಇನ್ವರ್ಟರ್ ಮಷಿನ್ನುಗಳು ಡಿಸಿ ಕೊಡುತ್ತವೆ, ಅದು ಪರವಾಗಿಲ್ಲ.

ಕರೆಂಟಿನ ವಿಚಾರ ಬಂದಾಗ ಇನ್ನೊಂದು ಮಾತು. ಪಂಪ್‌ಸೆಟ್ ಲೈನಿನಲ್ಲಿ ತ್ರೀ ಫೇಸ್ ಬರುವ ಹೊತ್ತು ನೋಡಿ ಕೆಲಸ ಶುರು ಮಾಡುವವರು, ಅದು ಹೋಗುವ ಹೊತ್ತನ್ನೂ ನೋಡಬೇಕು. ಅರ್ಧ ತುಂಬಿದ ವೆಲ್ಡಿಂಗ್ ತಣ್ಣಗಾಗಿಬಿಟ್ಟರೆ ಅಷ್ಟು ಕಾಯಿಸಿದ್ದು ವ್ಯರ್ಥ. ಕರೆಂಟ್ ಹೋದರೆ ಟಾರ್ಚಿನಲ್ಲಿ ಬಿಸಿ ಕಾಪಾಡಿಕೊಳ್ಳುವಷ್ಟು ಗ್ಯಾಸು ಕೈಲಿರಲಿ. ಜನರೇಟರ್ ಬಾಡಿಗೆಗೆ ತರುವುದು ನನ್ನ ಮಟ್ಟಿಗೆ ದುಂದು ಅಲ್ಲ.

ಹೊಡೆಯುವಾಗ ರಾಡನ್ನು ಅಗಲಕ್ಕೆ ಆಡಿಸದೆ ಕಿರಿದಾದ ನೇರ ಗೆರೆಗಳಲ್ಲಿ ಹಾಕಲಿ. ಈ ಮುಖಕ್ಕೆ ಒಂದು ಪದರ, ಆ ಮುಖಕ್ಕೆ ಒಂದು ಪದರ ಎಂದು ಬದಲಾಯಿಸುತ್ತಾ ಹೋದರೆ ಸೊಟ್ಟಗಾಗುವುದಿಲ್ಲ. ಪ್ರತಿ ಗೆರೆಯ ಮೇಲೆ ಕಟ್ಟುವ ಕಿಟ್ಟ (ಸ್ಲ್ಯಾಗ್) ಪೂರ್ತಿ ಕೀಳಬೇಕು. ಕೆಂಪು ಆರುವ ಮುನ್ನ ದುಂಡು ತಲೆಯ ಸುತ್ತಿಗೆಯಿಂದ ಮೆಲ್ಲನೆ ಕುಟ್ಟಿದರೆ ಕುಗ್ಗುವಿಕೆಯ ಎಳೆತ ಇಳಿಯುತ್ತದೆ. ಬುಡದ ಮೊದಲ ಗೆರೆಯನ್ನೂ ಕೊನೆಯ ಮೇಲಿನ ಗೆರೆಯನ್ನೂ ಮಾತ್ರ ಕುಟ್ಟಬೇಡಿ. ನಡುನಡುವೆ ಬಿಸಿ 200ಕ್ಕಿಂತ ಕೆಳಗಿಳಿಯದಂತೆ, 300 ದಾಟದಂತೆ ನೋಡುತ್ತಿರಬೇಕು.

ಸೀಳು ರೋಲರ್ ಓಡುವ ಮೇಲ್ಮೈವರೆಗೂ ಬಂದಿದ್ದರೆ ಅಲ್ಲಿ 7018 ಮೆತ್ತಗಾಗಿ ಬೇಗ ಗುಳಿ ಬೀಳುತ್ತದೆ. ಮೇಲಿನ ಒಂದು ಪದರಕ್ಕೆ ಮಾತ್ರ ಮಧ್ಯಮ ಗಡಸಿನ, 350 ಬ್ರಿನೆಲ್ (ಇದೂ ಗಡಸಿನ ಅಳತೆಯೇ) ದರ್ಜೆಯ ರಾಡ್ ಹಾಕಿಸಿ. ಸವೆಯದಿರಲಿ ಎಂದು ಬಕೆಟ್ ಹಲ್ಲಿಗೆ ಹೊಡೆಯುವ ಹೈ ಕ್ರೋಮ್ ಹಾರ್ಡ್‌ಫೇಸಿಂಗ್ ರಾಡ್ ಗಟ್ಟಿ ಎಂದು ಇಲ್ಲಿಗೂ ಅದನ್ನೇ ಸೂಚಿಸುವವರು ಸಿಗುತ್ತಾರೆ. ಅದು ತಣಿಯುವಾಗಲೇ ಅಡ್ಡಡ್ಡ ಬಿರುಕು ಬಿಡುವ ಲೋಹ, ಜೊತೆಗೆ ರೋಲರನ್ನು ತಿಂದುಹಾಕುತ್ತದೆ. ಕೊನೆಗೆ ಗ್ರೈಂಡ್ ಮಾಡಿ ನೇರ ಪಟ್ಟಿ ಇಟ್ಟು ಅಕ್ಕಪಕ್ಕದ ಮೇಲ್ಮೈಗೆ ಸಮ ಮಾಡಿ.

ಮುಗಿದ ಮೇಲೆ ಗಾಳಿಗೆ ಬಿಡಬೇಡಿ, ನೀರಂತೂ ತೋರಿಸಲೇಬೇಡಿ. ಒಣಗಿದ ಸುಣ್ಣದ ಪುಡಿ ಅಥವಾ ಬೂದಿಯಲ್ಲಿ ಹೂತು, ಬೆಳಗಿನವರೆಗೆ ಹಾಗೇ ಬಿಡಿ. ಎರಡು ದಿನ ಕಾದು ಮತ್ತೊಮ್ಮೆ ಎಣ್ಣೆ–ಸುಣ್ಣದ ಪರೀಕ್ಷೆ ಮಾಡಿ, ಗೆರೆ ಮೂಡದಿದ್ದರೆ ಮಾತ್ರ ಚೈನು ಏರಿಸಿ.

ಇಷ್ಟು ಕಾಯಿಸುವ ಅನುಕೂಲವೇ ಇಲ್ಲ, ಗಾಡಿ ಹೊಲದ ನಡುವೆ ಸಿಕ್ಕಿಬಿದ್ದಿದೆ ಎನ್ನುವವರಿಗೆ 312 ದರ್ಜೆಯ ಸ್ಟೇನ್‌ಲೆಸ್ ರಾಡ್ ಒಂದು ದಾರಿ. ಆ ಲೋಹ ಗಟ್ಟಿಯಾದರೂ ಪೆಡಸಲ್ಲ, ಎಳೆತಕ್ಕೆ ಬಗ್ಗುತ್ತದೆ, ಜಲಜನಕವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಆದರೂ ಕೈ ಇಡಲಾಗದಷ್ಟು ಬಿಸಿಯಾದರೂ ಮಾಡಿಕೊಳ್ಳಿ. ಬೆಲೆ 7018ಕ್ಕಿಂತ ಬಹಳ ಹೆಚ್ಚು. ಒಂದು ಲಿಂಕಿಗೆ ಹೊಂದಿಸಬಹುದು, ಇಡೀ ಚೈನಿಗಲ್ಲ.

ಇದನ್ನು ಓದಿ ಯಾರಾದರೂ ‘ಅಲ್ಲ ಸ್ವಾಮಿ, ಯೂಟ್ಯೂಬಿನಲ್ಲಿ ರಷ್ಯದವರು ಚೈನಿಗೆ ನೀರು ಸುರಿಯುತ್ತಾ ವೆಲ್ಡಿಂಗ್ ಮಾಡುತ್ತಾರಲ್ಲ’ ಎಂದು ಕೇಳಬಹುದು. ಅವರು ಮಾಡುವುದೂ ಸರಿಯೇ. ಡಿಟಿ-75 ತರಹದ ಸೋವಿಯತ್ ಕ್ರಾಲರ್ ಟ್ರಾಕ್ಟರುಗಳ ಚೈನು ಎರಕ ಹೊಯ್ದ ಮ್ಯಾಂಗನೀಸ್ ಉಕ್ಕಿನದು. ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಕಂಡುಹಿಡಿದ ಈ ಉಕ್ಕಿನಲ್ಲಿ ಮ್ಯಾಂಗನೀಸ್ ಶೇ. 12–14, ಇಂಗಾಲ ಸುಮಾರು 1.2. ಪೆಟ್ಟು ಬಿದ್ದಷ್ಟೂ ಗಡಸಾಗುವ ವಿಚಿತ್ರ ಲೋಹ. ಅದರ ಸ್ವಭಾವ ನಮ್ಮ ಲಿಂಕಿಗೆ ಪೂರ್ತಿ ಉಲ್ಟಾ: ಬಹಳ ಹೊತ್ತು ಬಿಸಿಯಾಗಿದ್ದರೆ ಪೆಡಸಾಗುತ್ತದೆ, ಬೇಗ ತಣಿಸಿದರೆ ಗಟ್ಟಿಮುಟ್ಟಾಗಿರುತ್ತದೆ. ಹಾಗಾಗಿ ಅದನ್ನು 250 ಡಿಗ್ರಿಯ ಆಸುಪಾಸು ದಾಟದಂತೆ ತಣ್ಣಗಿಟ್ಟು ಹೊಡೆಯುತ್ತಾರೆ. ಗುರುತಿಸುವುದು ಸುಲಭ, ಅಯಸ್ಕಾಂತ ಅದಕ್ಕೆ ಅಂಟುವುದಿಲ್ಲ. ಸ್ಪೀಕರಿನಿಂದ ಕಿತ್ತ ಹಳೆಯ ಅಯಸ್ಕಾಂತ ಹಿಡಿದು ನೋಡಿ. ನಿಮ್ಮ ಡಿ50 ಲಿಂಕಿಗೆ ಗಟ್ಟಿಯಾಗಿ ಅಂಟುತ್ತದೆ. ಅಂಟಿದರೆ ಕಾಯಿಸಿ, ಅಂಟದಿದ್ದರೆ ತಣ್ಣಗಿಡಿ.

ಪ್ಲೇಟುಗಳದ್ದು ಸುಲಭದ ಕೆಲಸ, ಬೇಗ ಹೇಳಿ ಮುಗಿಸುತ್ತೇನೆ. ಮೂರನ್ನೂ ಬಿಚ್ಚಿ ತೆಗೆದು, ಮೇಲೆ ಹೇಳಿದ ಹಾಗೆಯೇ ಸೀಳು ತೆರೆದು, 150ರಿಂದ 200 ಡಿಗ್ರಿಗೆ ಕಾಯಿಸಿ 7018ರಲ್ಲಿ ಹೊಡೆಸಿ. ಎರಡು ಪ್ಲೇಟುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಬಿಗಿದು ಹೊಡೆದರೆ ಸೊಟ್ಟಗಾಗುವುದಿಲ್ಲ. ಲಿಂಕಿನ ಮೇಲೆ ಕೂರುವ ಮುಖ ಅಪ್ಪಟ ಸಮತಟ್ಟಾಗಿರಬೇಕು. ಅಲ್ಲಿ ಒಂದು ಹನಿ ವೆಲ್ಡಿಂಗ್ ಉಳಿದರೂ ಬೋಲ್ಟು ಸಡಿಲವಾಗಿ ತೂತು ಮತ್ತೆ ಸೀಳುತ್ತದೆ. ನಿಮ್ಮ ಪ್ಲೇಟುಗಳು ತೂತಿನ ಬಳಿಯೇ ಸೀಳಿವೆ ಎಂದರೆ ಬೋಲ್ಟು ಸಡಿಲವಿದ್ದಾಗಲೇ ಗಾಡಿ ಓಡಿದೆ ಎಂದರ್ಥ. ಹಳೆಯ ಬೋಲ್ಟು ಹಾಕಬೇಡಿ. ಟ್ರ್ಯಾಕ್ ಬೋಲ್ಟೇ ತನ್ನಿ, ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಬೋಲ್ಟು ಬೇಡ. ನಟ್ಟನ್ನು ಲಿಂಕಿಗೆ ವೆಲ್ಡ್ ಮಾಡಿ ‘ಇನ್ನು ಬಿಚ್ಚುವುದೇ ಇಲ್ಲ’ ಎನ್ನುವುದು ಎಲ್ಲ ಕಡೆ ಕಾಣುವ ಚಾಳಿ. ಆ ಬಿಸಿಗೆ ಬೋಲ್ಟಿನ ಹದ ಹೋಗುತ್ತದೆ, ಲಿಂಕಿನ ಕಿಂಡಿಯಲ್ಲಿ ಹೊಸ ಸೀಳಿಗೆ ಬೀಜ ಬೀಳುತ್ತದೆ. ನಿಮ್ಮ ಲಿಂಕೂ ಕಿಂಡಿಯಿಂದಲೇ ಸೀಳಿದ್ದರೆ, ಅಲ್ಲಿ ಹಳೆಯ ವೆಲ್ಡಿಂಗ್ ಗುರುತು ಇದೆಯೇ ಒಮ್ಮೆ ನೋಡಿ.

ಸವೆದ ಏಣುಗಳ ಮೇಲೆ ಗ್ರೌಸರ್ ಬಾರ್, ಅಂದರೆ ಏಣಿನ ಉಕ್ಕಿನ ಪಟ್ಟಿ ತಂದು ವೆಲ್ಡ್ ಮಾಡಬಹುದು. ಆದರೆ ನಿಮ್ಮ ಗಾಡಿ ಓಡುವ ನೆಲ ಯಾವುದು? ಎರೆ ಹೊಲವಾದರೆ ಎತ್ತರದ ಏಣು ಬೇಕು, ಇಲ್ಲದಿದ್ದರೆ ಗಾಡಿ ಜಾರುತ್ತದೆ. ಕಲ್ಲು ತುಂಬಿದ ಕೆಂಪು ಗರಸಿನಲ್ಲಿ ಏಣು ಎತ್ತರವಾದಷ್ಟೂ ಪ್ಲೇಟು ತಿರುಚುತ್ತದೆ, ಆ ತಿರುಚು ಲಿಂಕಿಗೆ ಹೋಗುತ್ತದೆ. ಹೆಚ್ಚು ಕೆಲಸ ಗರಸಿನಲ್ಲೇ ಇದ್ದರೆ ಸವೆದ ಏಣು ಅರ್ಧ ಉಳಿದಿರುವವರೆಗೆ ಕೈ ಹಚ್ಚದಿರುವುದೇ ವಾಸಿ.

ಮಾಸ್ಟರ್ ಪಿನ್ ತಲೆಗೆ ವೆಲ್ಡಿಂಗ್ ಬೇಡ. ಪಿನ್ನಿನ ಮೈ ಗಡಸು, ಹೊಡೆದ ಜಾಗದಲ್ಲೇ ಕತ್ತು ಮುರಿಯುತ್ತದೆ. ಮುರಿದ ಪಿನ್ನು ಒಳಗೆ ಸಿಕ್ಕರೆ ತೆಗೆಯಲು ಗ್ಯಾಸ್ ಕಟಿಂಗ್ ಬಿಟ್ಟು ದಾರಿಯಿಲ್ಲ, ಆಗ ಲಿಂಕೂ ಹೋಗುತ್ತದೆ. ಅದು ಹೊರಗೆ ಸರಿಯುತ್ತಿರುವುದು ಕಣ್ಣು ಹಿಗ್ಗಿರುವುದರಿಂದ, ಇಲ್ಲವೇ ಪಿನ್ನೇ ಸವೆದಿರುವುದರಿಂದ. ಹೊಸ ಮಾಸ್ಟರ್ ಪಿನ್ ಹಾಕಿ ನೋಡಿ. ಅದೂ ನಿಲ್ಲದಿದ್ದರೆ ಆ ಜೋಡಿ ಲಿಂಕು ಬದಲಿಸಬೇಕು.

ಇಷ್ಟಾದರೂ ಲಿಂಕು ಏಕೆ ಸೀಳಿತು ಎಂಬ ಪ್ರಶ್ನೆ ಉಳಿಯುತ್ತದೆ. ಹಳೆಯ ಡೋಜರ್‌ಗಳಲ್ಲಿ ನಾನು ಮೊದಲು ಸಂಶಯ ಪಡುವುದು ಚೈನಿನ ಬಿಗಿಯನ್ನು. ಸಡಿಲವಾದರೆ ಚೈನು ಬೀಳುತ್ತದೆ ಎಂಬ ಭಯಕ್ಕೆ ಆಪರೇಟರುಗಳು ಗ್ರೀಸು ತುಂಬಿ ತಂತಿಯಂತೆ ಬಿಗಿಮಾಡುತ್ತಾರೆ. ಐಡ್ಲರ್ ಮತ್ತು ಮೇಲಿನ ರೋಲರಿನ ನಡುವೆ ನೇರ ಪಟ್ಟಿ ಇಟ್ಟರೆ ಚೈನು ಅದರ ಕೆಳಗೆ 20ರಿಂದ 30 ಮಿ.ಮೀ. ಜೋತಿರಬೇಕು. ಈ ಅಳತೆ ತೆಗೆಯಬೇಕಾದ್ದು ಕೆಲಸ ಮಾಡುವ ನೆಲದಲ್ಲೇ, ಶೆಡ್ಡಿನಲ್ಲಿ ತೊಳೆದು ನಿಲ್ಲಿಸಿದಾಗ ಅಲ್ಲ. ಎರೆಮಣ್ಣು ಒದ್ದೆಯಾದಾಗ ಸ್ಪ್ರಾಕೆಟ್ ಹಲ್ಲುಗಳ ಸಂದಿಗೆ ಮೆತ್ತಿಕೊಂಡು, ಸ್ಪ್ರಾಕೆಟ್ಟೇ ದಪ್ಪಗಾದಂತಾಗಿ, ಬೆಳಿಗ್ಗೆ ಸರಿಯಿದ್ದ ಚೈನು ಮಧ್ಯಾಹ್ನಕ್ಕೆ ಹರಿಯುವಷ್ಟು ಬಿಗಿಯಾಗುತ್ತದೆ. ಸಂಜೆ ಕೆಲಸ ಬಿಡುವಾಗ ಗುದ್ದಲಿಯಿಂದ ಮಣ್ಣು ಕೀಳಿಸುವುದು ಆಪರೇಟರಿಗೆ ಬೇಸರದ ಕೆಲಸ; ಒಣಗಿದ ಮೇಲೆ ಅದು ಇಟ್ಟಿಗೆಯಾಗಿರುತ್ತದೆ.

ಎರಡನೆಯದು ಚೈನಿನ ಸವೆತ. ಸ್ಪ್ರಾಕೆಟ್ಟಿನ ಹಲ್ಲಿಗೆ ಒಂದು ಹಳೆಯ ಪಿನ್ ಸಿಕ್ಕಿಸಿ, ಗಾಡಿಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದರೆ ಮೇಲಿನ ಚೈನು ಬಿಗಿಯಾಗಿ ನಿಲ್ಲುತ್ತದೆ. ಆಗ ಇಂಜಿನ್ ನಿಲ್ಲಿಸಿ, ಬ್ರೇಕ್ ಕಟ್ಟಿ, ಒಂದು ಪಿನ್ನಿನ ಅಂಚಿನಿಂದ ಐದನೇ ಪಿನ್ನಿನ ಅದೇ ಅಂಚಿನವರೆಗೆ, ಅಂದರೆ ನಾಲ್ಕು ಲಿಂಕಿನ ಉದ್ದ ಅಳೆಯಿರಿ. ಮಾಸ್ಟರ್ ಪಿನ್ ಆ ನಾಲ್ಕರಲ್ಲಿ ಬರಬಾರದು. ಗಾಡಿಯ ಪುಸ್ತಕದಲ್ಲಿರುವ ಹೊಸ ಪಿಚ್ಚಿನ ನಾಲ್ಕರಷ್ಟಕ್ಕೆ ಹೋಲಿಸಿ. ಈ ಗಾತ್ರದ ಡೋಜರ್‌ಗಳಲ್ಲಿ ಲಿಂಕೊಂದಕ್ಕೆ 3 ಮಿ.ಮೀ. ಹತ್ತಿರ ಹಿಗ್ಗಿದ್ದರೆ ಪಿನ್ನು ಬುಶ್ಶುಗಳನ್ನು ತಿರುಗಿಸಿ ಹಾಕುವ ಸಮಯ ಬಂದಿದೆ. ಬುಶ್ಶಿನ ಹೊರಮೈ ಒಂದೇ ಬದಿ ಸವೆದಿರುತ್ತದೆ, ಅರ್ಧ ಸುತ್ತು ತಿರುಗಿಸಿದರೆ ಇನ್ನೊಂದು ಬದಿ ದುಡಿಯುತ್ತದೆ. ಇದಕ್ಕೆ ನೂರು ಟನ್ ಮೇಲ್ಪಟ್ಟ ಟ್ರ್ಯಾಕ್ ಪ್ರೆಸ್ ಬೇಕು. ಗಣಿ ಯಂತ್ರಗಳ ಕೆಲಸ ಮಾಡುವ ಕಡೆ ವಿಚಾರಿಸಿ. ಅದನ್ನು ದಾಟಿ ಬುಶ್ಶಿನ ಗೋಡೆಯೇ ತೆಳುವಾಗಿ ಸೀಳಿದ್ದರೆ ತಿರುಗಿಸಿ ಪ್ರಯೋಜನವಿಲ್ಲ. ಆಗ ಲಿಂಕಿಗೂ ಏಣುಗಳಿಗೂ ದುಡ್ಡು ಹಾಕುವುದು ನಷ್ಟದ ಬಾಬ್ತು, ಅರ್ಧ ಸವೆದ ಸೆಕೆಂಡ್ ಹ್ಯಾಂಡ್ ಚೈನೇ ಲೇಸು.

ರಿಪೇರಿಯಾದ ಚೈನು ಏರಿಸಿದ ಮೊದಲ ದಿನ ಮಟ್ಟದ ನೆಲದಲ್ಲಿ ಹಗುರ ಕೆಲಸ ಕೊಡಿ, ನಿಂತಲ್ಲೇ ಗಿರಕಿ ಹೊಡೆಸಬೇಡಿ. ಸಂಜೆ ಎಲ್ಲ ಹೊಸ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಮಾಡಿಸಿ, ವೆಲ್ಡ್ ಮಾಡಿದ ಲಿಂಕಿಗೆ ಬಿಳಿ ಬಣ್ಣದ ಗುರುತು ಹಾಕಿಡಿ, ಆಪರೇಟರ್ ಬೆಳಿಗ್ಗೆ ಆಯಿಲ್ ನೋಡುವಾಗ ಅದನ್ನೂ ನೋಡಲಿ. ನಾಲ್ಕು ಲಿಂಕಿನ ಅಳತೆಯನ್ನು ಎಡ ಬಲ ಎರಡೂ ಚೈನಿನಲ್ಲಿ ತೆಗೆದು, ಸೀಳಿದ ಜಾಗದ ಫೋಟೊ ಜೊತೆ ಬರೆದು ಕಳಿಸಿದರೆ ಬುಶ್ ತಿರುಗಿಸುವುದೋ, ಬೇರೆ ಚೈನು ನೋಡುವುದೋ ಹೇಳುತ್ತೇನೆ.